ಹುಟ್ಟಿದ ದಿನ ನೀನೆಷ್ಟಿದ್ದೆ?

ಮಕ್ಕಳೇ, ಹೊನ್ನೆಗಾವಲನ್ನು ನೀವು ನೋಡಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿಲ್ಲ. ಆದರೂ ಅಲ್ಲಿಯ ಕತೆ ಹೇಳಲು ಕೂತರೆ ನನ್ನ ಮೈ ಜುಮ್ಮೆನ್ನುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆರೆ, ನಡುವೆ ಕಣ್ಣು ಹಾಯುವಷ್ಟು ದೂರವೂ ಹುಲ್ಲು. ಆ ಹುಲ್ಲಿನಲ್ಲಿ ನಲವತ್ತು ದನಗಳ ಒಂದು ಮಂದೆ. ಅವಕ್ಕೆ ಮೂಗುದಾರವಿಲ್ಲ, ಕೊಟ್ಟಿಗೆಯಿಲ್ಲ, ಒಡೆಯನಿಲ್ಲ. ತಮ್ಮ ಸಂಸಾರವನ್ನು ತಾವೇ ನೋಡಿಕೊಂಡಿದ್ದವು.

ಕೆರೆಯ ಪಕ್ಕದಲ್ಲಿ ಎರಡು ದೊಡ್ಡ ಕಲ್ಲುಗಳಿದ್ದವು. ಅವುಗಳ ನಡುವೆ ಒಂದು ಕಿರಿದಾದ ಸಂದಿ. ಮಂದೆಯಲ್ಲಿ ಕರು ಹುಟ್ಟಿ, ಎದ್ದು ನಿಂತು, ನಾಲ್ಕು ಹೆಜ್ಜೆ ಹಾಕಿದ್ದೇ ತಡ, ತಾಯಿ ಅದನ್ನು ಆ ಜೋಡಿಗಲ್ಲಿಗೆ ಕರೆದುಕೊಂಡು ಬರುತ್ತಿದ್ದಳು. ತಾಯಿ ಸುತ್ತಿ ಹೋಗಿ ಆ ಕಡೆ ನಿಂತು "ಅಂಬಾ" ಎಂದು ಕರೆಯಬೇಕು. ಕರು ಸಂದಿಯಲ್ಲಿ ತೂರಿ ತಾಯಿಯನ್ನು ಸೇರಬೇಕು. ಇಷ್ಟೇ ಶಾಸ್ತ್ರ. ಎಷ್ಟು ಕಾಲದಿಂದ ನಡೆದು ಬಂದಿತ್ತೋ, ಎಷ್ಟು ಸಾವಿರ ಕರುಗಳ ಮೈ ಸವರಿಕೊಂಡು ಹೋಗಿತ್ತೋ, ಸಂದಿಯ ಒಳಗಿನ ಕಲ್ಲು ಕನ್ನಡಿಯ ಹಾಗೆ ನುಣುಪಾಗಿತ್ತು.

"ಇದು ಯಾಕೆ?" ಎಂದು ಯಾರಾದರೂ ಕೇಳಿದರೆ, "ಕರುವಿಗೆ ದೃಷ್ಟಿ ತಾಗದೆ ಇರಲಿ ಅಂತ" ಎಂದು ಒಬ್ಬಳು ಹೇಳುತ್ತಿದ್ದಳು. "ಕಾಲು ಗಟ್ಟಿಯಾಗಲಿ ಅಂತ" ಎಂದು ಇನ್ನೊಬ್ಬಳು. ನಿಜವಾದ ಕಾರಣ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳುವುದು ದನಗಳಿಗೂ ಬರುತ್ತದೆ, ನೋಡಿ.

ಮಂದೆಗೆ ಹೊಸ ಹೋರಿಯನ್ನು ಆರಿಸುವುದೂ ಆ ಕಲ್ಲಿನ ಮುಂದೆಯೇ. ಇದು ಆಟದ ಮಾತಲ್ಲ. ಒಂದು ಹಸು ವರ್ಷಕ್ಕೆ ಒಂದು ಕರು ಕೊಟ್ಟೀತು. ಒಂದು ಹೋರಿಯಾದರೋ ಇಡೀ ಮಂದೆಗೇ ತನ್ನ ಮುಖ ಕೊಡುತ್ತದೆ, ತನ್ನ ಕಾಲು, ತನ್ನ ಕೋಪ, ತನ್ನ ಎತ್ತರ ಎಲ್ಲವನ್ನೂ ಕೊಡುತ್ತದೆ. ಹತ್ತು ವರ್ಷ ಕಳೆದು ಆ ಹೋರಿ ಸತ್ತು ಮಣ್ಣಾದ ಮೇಲೂ, ಹುಲ್ಲಿನ ನಡುವೆ ಯಾವುದೋ ಎಳೆಗರು ತಲೆಯೆತ್ತಿದರೆ ಅದರಲ್ಲಿ ಅವನೇ ತಲೆಯೆತ್ತಿದಂತೆ ಕಾಣುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಬೆರಗು.

ಆದ್ದರಿಂದ ಮಂದೆಯ ಹಿರಿಯ ಹಸು ಮೂರು ಪರೀಕ್ಷೆ ಮಾಡುತ್ತಿದ್ದಳು. ಮೊದಲನೆಯದು ಹೆಜ್ಜೆ. ಹೋರಿ ಕೆಸರಿನಲ್ಲಿ ನಡೆಯಬೇಕು, ಮುಂಗಾಲು ಮೂಡಿಸಿದ ಗೊರಸಿನ ಗುರುತಿನ ಮೇಲೆಯೇ ಹಿಂಗಾಲೂ ಬೀಳಬೇಕು. ಹಾಗೆ ಬಿದ್ದರೆ ಕಾಲು ಸರಿಯಿದೆ ಎಂದು ಲೆಕ್ಕ. ಎರಡನೆಯದು ಕೋಪ. ಕೊಂಬಿನಿಂದ ಒಂದು ತಿವಿತ ತಿವಿದು, ಕೋಪ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಬೇಕು. ಮೂರನೆಯದು ಒಂದು ಪ್ರಶ್ನೆ:

"ಹುಟ್ಟಿದ ದಿನ ನೀನೆಷ್ಟಿದ್ದೆ?"

ಹೋರಿ ಕಲ್ಲಿನ ಕಡೆ ಕತ್ತು ತಿರುಗಿಸಿ, "ಈ ಸಂದಿಯಲ್ಲಿ ತೂರುವಷ್ಟಿದ್ದೆ" ಎನ್ನಬೇಕು. ಎಲ್ಲ ಹೋರಿಗಳೂ ಅದೇ ಮಂದೆಯಲ್ಲಿ ಹುಟ್ಟಿ, ಅದೇ ಸಂದಿಯಲ್ಲಿ ತೂರಿದವು. ಹಾಗಾಗಿ ಪ್ರಶ್ನೆಯೂ ಬಾಯಿಪಾಠ, ಉತ್ತರವೂ ಬಾಯಿಪಾಠವಾಗಿ ಹೋಗಿತ್ತು.

ಒಂದು ವರ್ಷ ಮಂದೆಯ ಹಳೆಯ ಹೋರಿ ಮುಪ್ಪಿನಿಂದ ಸತ್ತಿತು. ಅದೇ ವರ್ಷ ಕಾಡಿನಿಂದ ಸೀಳುನಾಯಿಗಳು ಬಂದು ಐದು ಎಳೆಗರುಗಳನ್ನು ಎಳೆದುಕೊಂಡು ಹೋದವು. ಮಂದೆ ಕಂಗಾಲಾಯಿತು.

"ಹೀಗೇ ಆದರೆ ನಮ್ಮ ವಂಶ ಉಳಿದ ಹಾಗೇ" ಎಂದಳು ಕಪಿಲಕ್ಕ. ಮಂದೆಯನ್ನು ಮೇವಿಗೆ ಕರೆದುಕೊಂಡು ಹೋಗುವವಳು, ನೀರಿಗೆ ಇಳಿಸುವವಳು, ಜಗಳ ಬಿಡಿಸುವವಳು ಎಲ್ಲ ಅವಳೇ. "ನಮ್ಮ ಕರುಗಳು ತೀರಾ ಚಿಕ್ಕವು. ನಾಯಿಗೆ ಒಂದು ತುತ್ತು. ಈ ಸಲ ದೊಡ್ಡ ಕರುಗಳು ಹುಟ್ಟಬೇಕು. ಅದಕ್ಕೆ ದೊಡ್ಡ ಹೋರಿ ಬೇಕು."

ಮಂದೆಯಲ್ಲಿ ಪ್ರಾಯಕ್ಕೆ ಬಂದಿದ್ದ ಹೋರಿ ಒಬ್ಬನೇ. ಅವನ ಹೆಸರು ಜೀರಿಗ. ಹುಟ್ಟಿದಾಗ ಜೀರಿಗೆ ಕಾಳಿನಷ್ಟು ಪುಟ್ಟಗಿದ್ದನಂತೆ. ಅವನ ತಾಯಿ ಬಾಯಿಯಲ್ಲಿದ್ದ ಹುಲ್ಲನ್ನು ನುಂಗುವುದರೊಳಗೆ ಅವನು ಹುಟ್ಟಿಯೇ ಬಿಟ್ಟಿದ್ದ ಎಂದು ಮಂದೆಯಲ್ಲಿ ಈಗಲೂ ನಗುತ್ತಿದ್ದರು. ಈಗ ಚೆನ್ನಾಗಿಯೇ ಬೆಳೆದಿದ್ದ. ಆದರೆ ಹೆಸರು ಜೀರಿಗ ಎಂದಾದ ಮೇಲೆ ಯಾರು ತಾನೇ ತಲೆಯೆತ್ತಿ ನೋಡುತ್ತಾರೆ?

ಅಷ್ಟರಲ್ಲಿ ಬೆಳ್ಳಕ್ಕಿಯೊಂದು ಹಾರಿ ಬಂತು. ದನಗಳ ಬೆನ್ನ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ಹಕ್ಕಿ ಅದು.

"ಕಪಿಲಕ್ಕ, ಕಾಡಿನ ಆಚೆಯಿಂದ ಒಬ್ಬ ಹೋರಿ ಬರ್ತಿದಾನೆ. ಹೋರಿ ಅಂದರೆ ಹೋರಿಯಲ್ಲ, ನಡೆಯೋ ಗುಡ್ಡ. ಅವನು ಒಂದು ಹೆಜ್ಜೆ ಇಟ್ಟರೆ ಹುಲ್ಲಿನಿಂದ ನೂರು ಮಿಡತೆ ಏಳ್ತವೆ."

ಬೆಳ್ಳಕ್ಕಿಗೆ ಹೋರಿಗಿಂತ ಮಿಡತೆಗಳ ಮೇಲೆ ಕಣ್ಣು ಎಂಬುದು ನಿಮಗೆ ಗೊತ್ತಾಯಿತಲ್ಲವೇ? ಮಂದೆಗೆ ಗೊತ್ತಾಗಲಿಲ್ಲ.

ಮಾರನೆಯ ಬೆಳಗ್ಗೆ ಅವನು ಬಂದ. ಮೊದಲು ಮಂಜಿನೊಳಗಿಂದ ಎರಡು ಕೊಂಬು ಕಾಣಿಸಿದವು. ಆಮೇಲೆ ಹೆಗಲ ಮೇಲಿನ ಹಿಣಿಲು. ಆಮೇಲೆ ಎದೆ. ಎದೆ ಬಂದು ಮುಗಿಯುವುದಕ್ಕೇ ಬಹಳ ಹೊತ್ತಾಯಿತು. ಅವನು ಹೆಜ್ಜೆಯಿಟ್ಟ ಕಡೆ ಮಂಜು ಎರಡಾಗಿ ಸರಿಯುತ್ತಿತ್ತು. ಮೇಯುತ್ತಿದ್ದ ನಲವತ್ತು ಬಾಯಿಗಳೂ ಒಟ್ಟಿಗೆ ನಿಂತವು. ಕೆರೆಯಲ್ಲಿ ಕಪ್ಪೆ ಕೂಡ ಸುಮ್ಮನಾಯಿತು. ಅಷ್ಟು ದೊಡ್ಡ ಜೀವ ಅಷ್ಟು ಮೆಲ್ಲಗೆ ನಡೆಯುವುದನ್ನು ಮಂದೆ ಯಾವತ್ತೂ ಕಂಡಿರಲಿಲ್ಲ.

"ನಮಸ್ಕಾರ. ನೀರು ಕುಡಿಯಬಹುದೇ?" ಎಂದು ಅವನು ಕೇಳಿದ.

ಅಷ್ಟು ವಿನಯದ ದನಿ. ಆ ಕ್ಷಣದಲ್ಲೇ ಮಂದೆಯ ಮನಸ್ಸು ಅವನ ಪಾಲಾಯಿತು. ಯಾರೋ ಅವನನ್ನು ಗುಡ್ಡಯ್ಯ ಎಂದು ಕರೆದರು, ಅದೇ ಹೆಸರು ನಿಂತಿತು.

ಗುಡ್ಡಯ್ಯನನ್ನು ಜೋಡಿಗಲ್ಲಿನ ಮುಂದೆ ನಿಲ್ಲಿಸಿದರು. ಪರೀಕ್ಷೆ ಮಾಡುವವಳು ಕೊಂಬಜ್ಜಿ. ಮಂದೆಯ ಎಲ್ಲರಿಗಿಂತ ಹಿರಿಯಳು. ಒಂದು ಕೊಂಬು ಡೊಂಕಾಗಿ ಕಿವಿಯ ಕಡೆ ತಿರುಗಿತ್ತು, ಕಣ್ಣು ಮಂಜಾಗಿತ್ತು, ನಾಲಗೆ ಮಾತ್ರ ಚುರುಕಾಗಿತ್ತು. ಅವಳ ಪಕ್ಕದಲ್ಲಿ ಅವಳ ಮೊಮ್ಮಗಳು ಬೆಳವಿ ನಿಂತಿದ್ದಳು. ಬೆಳವಕ್ಕಿಯ ಬೂದುಬಣ್ಣದ ಕಡಸು, ಇನ್ನೂ ಒಂದು ಕರುವನ್ನೂ ಹೆರದವಳು. ಬೆಳವಿಯ ತಾಯಿಯನ್ನು ಸೀಳುನಾಯಿಗಳು ಕೊಂದ ಮೇಲೆ ಅಜ್ಜಿಗೆ ಅವಳು, ಅವಳಿಗೆ ಅಜ್ಜಿ.

ಗುಡ್ಡಯ್ಯ ಕೆಸರಿನಲ್ಲಿ ನಡೆದ. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಕೂದಲೆಳೆಯಷ್ಟೂ ತಪ್ಪದೆ ಬಿತ್ತು. ಕೊಂಬಜ್ಜಿ ಗೊರಸಿನ ಗುರುತನ್ನು ಮೂಸಿ ನೋಡಿ, "ಭೇಷ್" ಎಂದಳು.

ಕಪಿಲಕ್ಕ ಪಕ್ಕೆಗೆ ಕೊಂಬಿನಿಂದ ತಿವಿದಳು. ಗುಡ್ಡಯ್ಯ ಒಮ್ಮೆ ಬುಸುಗುಟ್ಟಿದ. ಎರಡು ಸಲ ಕಿವಿ ಒದರಿದ. ಮುಗಿಯಿತು. "ನೊಣ ಅಂದುಕೊಂಡೆ, ಕ್ಷಮಿಸಿ" ಎಂದ. ಮಂದೆಯೆಲ್ಲ ನಕ್ಕಿತು.

ಕೊಂಬಜ್ಜಿ ಕೇಳಿದಳು: "ಹುಟ್ಟಿದ ದಿನ ನೀನೆಷ್ಟಿದ್ದೆ?"

ಗುಡ್ಡಯ್ಯ ಕಲ್ಲಿನ ಕಡೆ ನೋಡಿದ. "ನಾನು ಹುಟ್ಟಿದ ಕಡೆ ಇಂಥ ಕಲ್ಲು ಇರಲಿಲ್ಲ ಅಜ್ಜೀ. ಎಷ್ಟಿದ್ದೆನೋ ಗೊತ್ತಿಲ್ಲ. ಆ ದಿನ ನನ್ನ ತಾಯಿ..."

"ಸಾಕು ಬಿಡಪ್ಪ" ಎಂದಳು ಕಪಿಲಕ್ಕ. "ಇವನನ್ನು ನೋಡಿದ ಮೇಲೂ ಕೇಳೋದೇನಿದೆ ಅಜ್ಜೀ? ಇಂಥ ಆನೆ ಎದುರಿಗಿರುವಾಗ, ಹುಟ್ಟಿದ ದಿನದ ಮಾತು ಯಾರಿಗೆ ಬೇಕು?"

ಬೆಳ್ಳಕ್ಕಿ ಗುಡ್ಡಯ್ಯನ ಬೆನ್ನ ಮೇಲಿಂದ ಕೂಗಿತು: "ಋಷಿಮೂಲ, ನದಿಮೂಲ ಕೇಳಬಾರದು ಅಂತ ದೊಡ್ಡವರೇ ಹೇಳಿದಾರೆ."

"ಋಷಿಗೂ ನದಿಗೂ ಕರು ಹುಟ್ಟೋದಿಲ್ಲ ಕಣೇ. ಹೋರಿಗೆ ಹುಟ್ಟುತ್ತೆ" ಎಂದಳು ಅಜ್ಜಿ. "ಅವನ ಕುಲ ನನಗೆ ಬೇಕಾಗಿಲ್ಲ. ಹುಟ್ಟಿದ ದಿನ ಎಷ್ಟಿದ್ದ ಅಂತ ಮಾತ್ರ ಬೇಕು."

"ಯಾಕೆ ಬೇಕು, ಅದನ್ನಾದರೂ ಹೇಳಿ" ಎಂದಳು ಕಪಿಲಕ್ಕ.

"ನನಗೆ ಗೊತ್ತಿಲ್ಲ" ಎಂದಳು ಕೊಂಬಜ್ಜಿ. "ಕೇಳು ಅಂತ ನನ್ನಜ್ಜಿ ಹೇಳಿದ್ದಳು. ಕೇಳದೆ ಬಿಡಬೇಡ ಅಂತ ಎರಡು ಸಲ ಹೇಳಿದ್ದಳು."

ಮತ್ತೆ ನಗು. ಈ ಸಲ ಅಜ್ಜಿಯನ್ನು ನೋಡಿ. ಬೆಳವಿ ಕೂಡ ಮುಖ ಮರೆಮಾಡಿಕೊಂಡು ನಕ್ಕಳು. ಅಜ್ಜಿಗೆ ಅದೊಂದೇ ನೋವಾದದ್ದು. ಗುಡ್ಡಯ್ಯ ಮಾತ್ರ ನಗಲಿಲ್ಲ. ಅರ್ಧಕ್ಕೆ ನಿಂತ ತನ್ನ ಮಾತನ್ನು ನುಂಗಿಕೊಂಡು, ನೀರಿನ ಕಡೆ ಹೋದ.

"ಜೀರಿಗನೂ ಇರಲಿ. ಓಡಿಸಬೇಡಿ" ಎಂದಷ್ಟೇ ಅಜ್ಜಿ ಹೇಳಿದಳು. ಪಾಪ, ಮುದುಕಿಯ ಮಾತು ಎಂದು ಒಪ್ಪಿದರು.

ಆ ವರ್ಷ ಚೊಚ್ಚಲ ಬಸಿರಿಗೆ ಬಂದ ಕಡಸುಗಳು ಇಬ್ಬರೇ, ಬೆಳವಿ ಮತ್ತು ಅವಳ ಗೆಳತಿ ಮೊಲ್ಲೆ. ಮೊಲ್ಲೆ ನಾಚಿಕೆಯವಳು. ಗುಡ್ಡಯ್ಯನ ಸುತ್ತ ಇದ್ದ ನೂಕುನುಗ್ಗಲಿನಲ್ಲಿ ಅವಳಿಗೆ ಜಾಗವೇ ಸಿಗಲಿಲ್ಲ. ಜೀರಿಗನ ಜೋಡಿಯಾದಳು. ಬೆಳವಿ ಗುಡ್ಡಯ್ಯನನ್ನೇ ಹಿಂಬಾಲಿಸಿದಳು.

"ಅಜ್ಜೀ, ನನಗೆ ಹುಟ್ಟೋ ಕರುವನ್ನು ಯಾವ ನಾಯಿಯೂ ಮುಟ್ಟೋದಿಲ್ಲ. ನೋಡ್ತಿರು" ಎಂದಳು ಅವಳು.

ಅಜ್ಜಿ ಏನು ಹೇಳಬೇಕು? ಆ ಮಗುವಿನ ತಾಯಿಯನ್ನು ನಾಯಿಗಳು ತಿಂದಿದ್ದವು. ದೊಡ್ಡದಾದ, ಗಟ್ಟಿಯಾದ, ಯಾರೂ ಮುಟ್ಟಲಾಗದ ಕರು ಬೇಕೆಂದು ಅವಳು ಆಸೆಪಟ್ಟರೆ ತಪ್ಪು ಎನ್ನುವುದು ಹೇಗೆ? ಅಜ್ಜಿ ಅವಳ ಹಣೆಯನ್ನು ನೆಕ್ಕಿದಳು.

ಮಳೆಗಾಲ ಹೋಯಿತು, ಚಳಿ ಹೋಯಿತು. ಮುತ್ತುಗದ ಮರಗಳು ಕೆಂಪಾಗಿ ಹೂಬಿಟ್ಟ ಹೊತ್ತಿಗೆ ಮಂದೆಯಲ್ಲಿ ಕರುಗಳು ಹುಟ್ಟತೊಡಗಿದವು.

ಮೊದಲು ಹೆತ್ತವಳು ಕಪಿಲಕ್ಕ. ಅವಳಿಗದು ಆರನೆಯ ಕರು. ಸ್ವಲ್ಪ ಹೆಚ್ಚೇ ನರಳಿದಳು. ಆದರೆ ಕರುವನ್ನು ನೋಡಲು ಮಂದೆಯೆಲ್ಲ ಮುತ್ತಿಕೊಂಡಿತು. ಅಷ್ಟು ದೊಡ್ಡ ಕರುವನ್ನು ಹೊನ್ನೆಗಾವಲು ಕಂಡಿರಲಿಲ್ಲ. ಹುಟ್ಟಿದ ದಿನವೇ ತಿಂಗಳ ಕರುವಿನ ಹಾಗಿತ್ತು. ಗುಡ್ಡಯ್ಯನದೇ ಎದೆ, ಗುಡ್ಡಯ್ಯನದೇ ಹಣೆ.

ಕೊಂಬಜ್ಜಿಯೂ ಅದನ್ನು ಮೂಸಿ, "ನಾನೇ ತಪ್ಪು ತಿಳಿದೆ ಕಪಿಲಾ. ನಿನ್ನ ಮಾತೇ ಸರಿ" ಎಂದಳು. ಅವಳದು ದೊಡ್ಡ ಮನಸ್ಸು.

ಅದೇ ಬೆಳಗ್ಗೆ ಮೊಲ್ಲೆಯೂ ಹೆತ್ತಳು. ಯಾರಿಗೂ ಗೊತ್ತೇ ಆಗಲಿಲ್ಲ. ಮೇಯುತ್ತಾ ಪೊದೆಯ ಹಿಂದೆ ಹೋದವಳು, ಈಚೆ ಬರುವಾಗ ಹಿಂದೆ ಒಂದು ಪುಟ್ಟ ಕರು ಬರುತ್ತಿತ್ತು. ಚೊಚ್ಚಲ ಹೆರಿಗೆ ಹೀಗಾಗುವುದನ್ನು ಕಂಡು ಹಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಕಣ್ಣೆಲ್ಲ ಕಪಿಲಕ್ಕನ ಕರುವಿನ ಮೇಲೆಯೇ ಇತ್ತು.

ಎರಡೂ ಕರುಗಳನ್ನು ಜೋಡಿಗಲ್ಲಿಗೆ ಕರೆದುಕೊಂಡು ಹೋದರು. ಮೊಲ್ಲೆಯ ಕರು ಸಂದಿಯಲ್ಲಿ ಸರಕ್ಕನೆ ತೂರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಕಪಿಲಕ್ಕ ಆ ಕಡೆ ನಿಂತು "ಅಂಬಾ" ಎಂದಳು. ಅವಳ ಕರು ತಲೆ ತೂರಿಸಿತು. ಕತ್ತು ತೂರಿಸಿತು. ಭುಜ ಸಿಕ್ಕಿಕೊಂಡಿತು. ಹಿಂದೆ ಸರಿದು ಮತ್ತೆ ನುಗ್ಗಿತು, ಮತ್ತೆ ಸಿಕ್ಕಿಕೊಂಡಿತು.

"ಕಲ್ಲಿಗೇ ವಯಸ್ಸಾಯಿತು ಬಿಡಿ" ಎಂದು ಕಪಿಲಕ್ಕ ಹೆಮ್ಮೆಯಿಂದ ನಕ್ಕಳು. "ಬಾ ಕಂದ, ನೀನು ಸುತ್ತಿಕೊಂಡು ಬಾ."

ಎಲ್ಲರೂ ನಕ್ಕರು. ಬೆಳವಿ ತುಂಬು ಹೊಟ್ಟೆ ಹೊತ್ತು ಕಲ್ಲಿನ ಹತ್ತಿರ ಬಂದು, "ನಾನೂ ಇದರಲ್ಲೇ ತೂರಿದ್ದೆನಾ ಅಜ್ಜೀ?" ಎಂದು ಬಗ್ಗಿ ನೋಡಿದಳು. ನೋಡಿ ಆದ ಮೇಲೆ ಕಲ್ಲಿಗೆ ಬೆನ್ನು ಹಾಕಿ ನಿಂತಳು.

ಅಜ್ಜಿ ಅವಳ ಹಿಂದೆ ಇದ್ದಳು. ಮಂಜುಗಣ್ಣಿಗೂ ಕಂಡಿತು. ಬೆಳವಿಯ ಬಾಲದ ಬುಡದಲ್ಲಿ ಎರಡು ಕಡೆ ಎದ್ದ ಮೂಳೆಗಳು. ಅವುಗಳ ನಡುವಿನ ಅಗಲ. ಅದರ ಪಕ್ಕದಲ್ಲೇ ಕಲ್ಲಿನ ಸಂದಿ. ಅದರ ಅಗಲ. ಅಜ್ಜಿ ಹತ್ತಿರ ಹೋಗಿ ಮೊಮ್ಮಗಳ ಸೊಂಟಕ್ಕೆ ಮೂತಿ ತಾಗಿಸಿದಳು. ಆಮೇಲೆ ಕಲ್ಲಿಗೆ ತಾಗಿಸಿದಳು. ಮತ್ತೆ ಸೊಂಟಕ್ಕೆ, ಮತ್ತೆ ಕಲ್ಲಿಗೆ. ಎರಡೂ ಒಂದೇ ಅಳತೆ.

"ಕಪಿಲಾ, ಇಲ್ಲಿ ಬಾ" ಎಂದಳು. "ನಗಬೇಡ. ನೋಡು."

ಕಪಿಲಕ್ಕ ನೋಡಿದಳು. ಅವಳ ಬಾಯಿಯಲ್ಲಿದ್ದ ಮೆಲುಕು ಹಾಗೆಯೇ ನಿಂತಿತು.

"ಇದು ದೃಷ್ಟಿಯ ಕಲ್ಲಲ್ಲ" ಎಂದಳು ಅಜ್ಜಿ. "ಇದು ಅಳತೆಯ ಕಲ್ಲು. ಚೊಚ್ಚಲು ಹೆರುವ ಕಡಸಿನ ಸೊಂಟದ ಅಳತೆ. ಇದರಲ್ಲಿ ತೂರಿದ ಕರು ಮುಂದೆ ಹೋರಿಯಾದರೆ, ಅವನ ಕರುವೂ ಅಷ್ಟೇ ಇರುತ್ತೆ, ಕಡಸುಗಳು ಬದುಕ್ತವೆ. ನಮ್ಮಜ್ಜಿಯರು ನೋಡಿದ್ದು ದೊಡ್ಡ ಹೋರಿಯನ್ನಲ್ಲ ಕಣೇ. ಸಣ್ಣದಾಗಿ ಹುಟ್ಟಿ ಆಮೇಲೆ ದೊಡ್ಡದಾಗಿ ಬೆಳೆಯೋ ಹೋರಿಯನ್ನ."

ನಲವತ್ತು ದನಗಳು ಆ ಸಂದಿಯನ್ನು ಮೊದಲ ಸಲ ನೋಡುವ ಹಾಗೆ ನೋಡಿದವು. ಯಾವ ಕಾಲದ ಯಾವ ಮುದಿ ಹಸುವೋ, ಎಷ್ಟು ಹೆಣ್ಣುಮಕ್ಕಳನ್ನು ಕಳೆದುಕೊಂಡ ಮೇಲೋ, ಈ ಎರಡು ಕಲ್ಲುಗಳನ್ನು ಹುಡುಕಿಕೊಂಡಿದ್ದಳು. ಬರೆಯಲು ಬಾರದ ಜೀವ ತನ್ನ ಬುದ್ಧಿಯನ್ನು ಕಲ್ಲಿನಲ್ಲಿಟ್ಟು, ಒಂದು ಪ್ರಶ್ನೆಯನ್ನು ಬಾಯಿಂದ ಬಾಯಿಗೆ ಕಳಿಸಿ ಹೋಗಿದ್ದಳು. ನನಗಂತೂ ಇದನ್ನು ಹೇಳುವಾಗ ಕೈ ಮುಗಿಯಬೇಕು ಅನ್ನಿಸುತ್ತದೆ. ಅಂಥ ಕಲ್ಲಿನ ಮುಂದೆ ನಿಂತು ಇವರು ಇಷ್ಟು ದಿನ ನಗುತ್ತಿದ್ದರು.

"ಅಜ್ಜೀ, ಈಗ ಬೆಳವಿ..." ಎಂದಳು ಕಪಿಲಕ್ಕ.

"ಈಗ ಕಾಯೋದು" ಎಂದಳು ಅಜ್ಜಿ. "ಕಾಯೋದು ಬಿಟ್ಟು ಇನ್ನೇನೂ ಇಲ್ಲ."

ನಾಲ್ಕನೆಯ ದಿನ ಬೆಳಗ್ಗೆ ಬೆಳವಿಗೆ ನೋವು ಶುರುವಾಯಿತು. ಹೊನ್ನೆಮರದ ಕೆಳಗೆ ಮಲಗಿದಳು. ಬಿಸಿಲು ಮರದ ತುದಿಗೆ ಬಂತು, ನೆತ್ತಿಗೆ ಬಂತು. ಕರುವಿನ ಎರಡು ಗೊರಸುಗಳು ಕಂಡವು, ಅಷ್ಟೇ. ಗೊರಸುಗಳ ಗಾತ್ರ ನೋಡಿದ ಕಪಿಲಕ್ಕ ಮುಖ ತಿರುಗಿಸಿಕೊಂಡಳು.

"ಅಜ್ಜೀ, ನನಗೆ ಆಗ್ತಿಲ್ಲ" ಎಂದಳು ಬೆಳವಿ.

"ಏಳು ಮಗಾ. ನಾಲ್ಕು ಹೆಜ್ಜೆ ನಡೆ. ಆಮೇಲೆ ಇನ್ನೊಂದು ಮಗ್ಗುಲಿಗೆ ಮಲಗು." ಅಜ್ಜಿ ತನ್ನ ಡೊಂಕು ಕೊಂಬನ್ನು ಅವಳ ಪಕ್ಕೆಗೆ ಆನಿಸಿ ಎಬ್ಬಿಸಿದಳು, ನಡೆಸಿದಳು, ಮತ್ತೆ ಮಲಗಿಸಿದಳು.

ಆಗ ಗುಡ್ಡಯ್ಯ ಬಂದ. ಹೆರಿಗೆಯ ಹತ್ತಿರ ಹೋರಿಗಳು ಬರುವ ಪದ್ಧತಿಯಿಲ್ಲ. ಯಾರೂ ತಡೆಯಲಿಲ್ಲ.

"ಅಜ್ಜೀ, ಅವತ್ತು ಒಂದು ಮಾತು ಅರ್ಧಕ್ಕೆ ನಿಂತಿತ್ತು. ಈಗ ಮುಗಿಸಲೇ?" ಎಂದ.

ಅಜ್ಜಿ ತಲೆಯಾಡಿಸಿದಳು.

"ನನ್ನ ತಾಯಿಯನ್ನು ನಾನು ನೋಡಿಲ್ಲ. ನಾನು ಹುಟ್ಟಿದ ದಿನ ಮಲಗಿದವಳು ಮತ್ತೆ ಏಳಲಿಲ್ಲವಂತೆ. ಅವಳಿಗೂ ಚೊಚ್ಚಲು. ಬೇರೆ ಹಸು ನನಗೆ ಹಾಲು ಕೊಟ್ಟಳು. 'ಎಂಥಾ ದೊಡ್ಡ ಕರು ನೀನು, ಎಂಥಾ ದೊಡ್ಡ ಕರು' ಅಂತ ಅವಳು ಆಗಾಗ ಹೇಳ್ತಿದ್ದಳು. ಹೊಗಳ್ತಿದಾಳೆ ಅಂತಲೇ ನಾನು ಅಂದುಕೊಂಡಿದ್ದೆ." ಅವನು ಕರುವಿನ ಗೊರಸುಗಳನ್ನು ನೋಡಿದ. "ಇವತ್ತು ಅರ್ಥ ಆಯ್ತು."

ಕಪಿಲಕ್ಕ ತಲೆ ತಗ್ಗಿಸಿದಳು. ಆ ಮಾತನ್ನು ತಡೆದದ್ದು ತನ್ನ ಬಾಯಿ ಎಂಬುದು ಅವಳಿಗೆ ನೆನಪಿತ್ತು. ಮರದ ಮೇಲಿದ್ದ ಬೆಳ್ಳಕ್ಕಿ ಸದ್ದಿಲ್ಲದೆ ಹಾರಿಹೋಯಿತು.

ಹೊತ್ತು ಇಳಿಯುವ ಮೊದಲು ಕರು ಹುಟ್ಟಿತು. ಬಹಳ ಚೆಂದದ ಕರು, ಬೂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ. ಅದು ಉಸಿರಾಡಲಿಲ್ಲ. ಈ ಮಾತನ್ನು ನಿಮಗೆ ಹೇಳದೆ ದಾಟಿಸಿಬಿಡಬಹುದಿತ್ತು. ಆದರೆ ಅರ್ಧ ಕೇಳಿದ ಮಾತಿನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಬೆಳವಿ ಅದನ್ನು ನೆಕ್ಕಿದಳು. ನೆಕ್ಕುತ್ತಲೇ ಇದ್ದಳು. ಅಜ್ಜಿ "ಸಾಕು" ಎನ್ನಲಿಲ್ಲ.

ಆಮೇಲೆ ಬೆಳವಿ ಏಳಲು ನೋಡಿದಳು. ಹಿಂಗಾಲುಗಳಲ್ಲಿ ಬಲವೇ ಇರಲಿಲ್ಲ.

ಏಳಲಾರದ ಹಸುವಿನ ವಾಸನೆ ಕಾಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಮಾರನೆಯ ದಿನವೇ ಏಳು ಸೀಳುನಾಯಿಗಳು ಹುಲ್ಲಿನ ಅಂಚಿನಲ್ಲಿ ಕಾಣಿಸಿಕೊಂಡವು. ಮಂದೆ ಕರುಗಳನ್ನು ನಡುವೆ ಹಾಕಿಕೊಂಡು ಕೆರೆಯ ಕಡೆ ಸರಿಯಿತು. ಅಜ್ಜಿ ಕದಲಲಿಲ್ಲ. ಗುಡ್ಡಯ್ಯನೂ ಕದಲಲಿಲ್ಲ. ಅವನು ಬಂದು ಬೆಳವಿಯ ಮೇಲೆ ನೆರಳು ಬೀಳುವ ಹಾಗೆ, ನಾಲ್ಕು ಕಾಲನ್ನೂ ಊರಿ ನಿಂತ.

ನಾಯಿಗಳು ಸುತ್ತು ಹಾಕಿದವು. ಅವು ತಿರುಗಿದ ಹಾಗೆ ಅವನೂ ತಿರುಗಿದ. ಒಂದು ನಾಯಿ ಹಿಂಗಾಲಿಗೆ ಹಾರಿತು. ಅವನು ಒದ್ದದ್ದು ಯಾರಿಗೂ ಕಾಣಲಿಲ್ಲ. ನಾಯಿ ದೂರದಲ್ಲಿ ಬಿದ್ದದ್ದು ಕಂಡಿತು. ಕೂಗಾಟವಿಲ್ಲ, ಗುಟುರಿಲ್ಲ. ಕೆಳಗೆ ಮಲಗಿದ ಆ ಕಡಸಿನ ಮೈಗೆ ಒಂದು ಗೊರಸೂ ತಾಗದ ಹಾಗೆ, ಅಷ್ಟು ದೊಡ್ಡ ಮೈಯನ್ನು ಅವನು ತಿರುಗಿಸುತ್ತಿದ್ದ. ಮಂದೆ ದೂರದಿಂದ ನೋಡಿತು. ಅವನು ಬಂದ ದಿನವೂ ಅವರು ಬೆರಗಾಗಿದ್ದರು. ಆದರೆ ಆ ಬೆರಗು ಬೇರೆ, ಈ ಬೆರಗು ಬೇರೆ.

"ಈ ಗುಡ್ಡ ಕರಗೋದಿಲ್ಲ, ನಡೀರಿ" ಎಂದು ಮುದಿ ನಾಯಿ ಹೇಳಿತು. ಏಳೂ ಕಾಡಿಗೆ ತಿರುಗಿದವು.

ಮೂರು ದಿನ ಗುಡ್ಡಯ್ಯ ಅಲ್ಲಿಯೇ ನಿಂತ. ಜೀರಿಗ ಕೆರೆಗೆ ಇಳಿದು, ನೀರು ತೊಟ್ಟಿಕ್ಕುವ ಜೊಂಡುಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು ಬೆಳವಿಯ ಮುಂದೆ ಹಾಕುತ್ತಿದ್ದ. ಹಾಕಿದ್ದರಲ್ಲಿ ಒಂದು ಹಿಡಿಯನ್ನು ಗುಡ್ಡಯ್ಯನ ಮುಂದೆಯೂ ಇಡುತ್ತಿದ್ದ. ಕಪಿಲಕ್ಕ ಬಂದು ಬೆಳವಿಯ ಕಾಲುಗಳನ್ನು ನೆಕ್ಕಿ ಬಿಸಿ ಮಾಡುತ್ತಿದ್ದಳು.

ನಾಲ್ಕನೆಯ ಬೆಳಗ್ಗೆ ಬೆಳವಿ ಮುಂಗಾಲು ಮಡಿಸಿ, ಹಿಂಗಾಲು ಎತ್ತಿ, ನಡುಗುತ್ತಾ, ತೂರಾಡುತ್ತಾ ಎದ್ದು ನಿಂತಳು. ಅಜ್ಜಿ ಅವಳ ಪಕ್ಕೆಗೆ ಪಕ್ಕೆ ಕೊಟ್ಟಳು. ಗುಡ್ಡಯ್ಯ ಮೆಲ್ಲಗೆ ಪಕ್ಕಕ್ಕೆ ಸರಿದ. ಮೂರು ದಿನ ಅವನು ನಿಂತ ಕಡೆ ನಾಲ್ಕು ಗುಂಡಿ ಬಿದ್ದಿದ್ದವು. ಅವುಗಳ ನಡುವೆ ಬೆಳವಿ ಮಲಗಿದ್ದ ಕಡೆ ಒಂದು ಗೊರಸಿನ ಗುರುತೂ ಇರಲಿಲ್ಲ.

ಮೊದಲ ಮಳೆ ಬಿದ್ದ ದಿನ ಗುಡ್ಡಯ್ಯ ಕಾಡಿನ ದಾರಿ ಹಿಡಿದ.

"ಎಲ್ಲಿಗೆ?" ಎಂದಳು ಅಜ್ಜಿ.

"ನಾನು ಇಲ್ಲಿರಬಾರದು ಅಜ್ಜೀ."

"ನಿನ್ನ ತಪ್ಪೇನು? ಕೇಳಿದ್ದಕ್ಕೆ ನೀನು ಹೇಳಹೊರಟೆ, ನಾವು ಕಿವಿ ಕೊಡಲಿಲ್ಲ. ಕಪಿಲಾಳ ಕರುವನ್ನು ನೋಡು, ಈ ವರ್ಷ ಒಂದು ನಾಯಿಯೂ ಅದರ ಹತ್ತಿರ ಸುಳಿದಿಲ್ಲ. ಮೂರು ಕರು ಹೆತ್ತ ಹಸುಗಳಿಗೆ ನಿನ್ನಂಥವನೇ ಸರಿ. ಚೊಚ್ಚಲಿನವರಿಗೆ ಜೀರಿಗ ಇರಲಿ. ನಿನಗೆ ಒಂದು ಜಾಗ, ಅವನಿಗೆ ಒಂದು ಜಾಗ. ಹೋಗಬೇಡ."

ಗುಡ್ಡಯ್ಯ ಕಾಡಿನ ಕಡೆ ಇನ್ನೆರಡು ಹೆಜ್ಜೆ ಇಟ್ಟ. ಆಮೇಲೆ ತಿರುಗಿ ಬಂದ.

ಮುಂದಿನ ಮುತ್ತುಗದ ಕಾಲಕ್ಕೆ ಬೆಳವಿ ಜೀರಿಗನ ಕರುವನ್ನು ಹೆತ್ತಳು. ನಿಂತಲ್ಲೇ ಎರಡು ಸಲ ನರಳಿದಳು, ಅಷ್ಟೇ. ಪುಟ್ಟ ಹೆಣ್ಣುಗರು. ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಇಡೀ ಮಂದೆ ಜೋಡಿಗಲ್ಲಿನ ಹತ್ತಿರ ಬಂದು ಸದ್ದಿಲ್ಲದೆ ನಿಂತಿತು. ಬೆಳವಿ ಆ ಕಡೆ ಹೋಗಿ ಕರೆದಳು. ಕರು ಸಂದಿಯೊಳಗೆ ಹೆಜ್ಜೆಯಿಟ್ಟಿತು. ಎಡಗಲ್ಲನ್ನು ಸವರಿಕೊಂಡು, ಬಲಗಲ್ಲನ್ನು ಸವರಿಕೊಂಡು, ಆಚೆ ಬಂತು. ಕೊಂಬಜ್ಜಿ ಕಣ್ಣು ಮುಚ್ಚಿ ಕಲ್ಲಿಗೆ ಹಣೆ ಹಚ್ಚಿದಳು. ಗುಡ್ಡಯ್ಯ ಎಲ್ಲರ ಹಿಂದೆ ನಿಂತಿದ್ದ. ಆ ಪುಟ್ಟ ಕರು ಹಾಲು ಕುಡಿಯುವುದನ್ನು ಅವನು ನೋಡಿದಷ್ಟು ಹೊತ್ತು ಇನ್ಯಾರೂ ನೋಡಲಿಲ್ಲ.

ಆ ಮಳೆಗಾಲ ಕೊಂಬಜ್ಜಿ ಹೋದಳು. ಅವಳ ಜಾಗದಲ್ಲಿ ಪ್ರಶ್ನೆ ಕೇಳಲು ಮಂದೆ ಯಾರನ್ನು ಆರಿಸಿತು ಗೊತ್ತೇ? ಗುಡ್ಡಯ್ಯನನ್ನು. ಹಾಗೆ ಹೇಳಿದವಳು ಕಪಿಲಕ್ಕ.

ಕೆಲವು ವರ್ಷಗಳ ಮೇಲೆ, ಜೀರಿಗ ಮುದಿಯಾದಾಗ, ಕಾಡಿನಾಚೆಯಿಂದ ಇನ್ನೊಬ್ಬ ಹೋರಿ ಬಂದ. ಹಾಲಿನಂಥ ಬಿಳುಪು, ಬಿಲ್ಲಿನಂಥ ಕೊಂಬು. ಎಳೆಯ ಕಡಸುಗಳು "ಆಹಾ" ಎಂದು ಬಾಯಿ ಬಿಟ್ಟವು. ಹೆಜ್ಜೆ ಸರಿಯಿತ್ತು, ಕೋಪ ಸರಿಯಿತ್ತು.

"ಹುಟ್ಟಿದ ದಿನ ನೀನೆಷ್ಟಿದ್ದೆ?" ಎಂದು ಗುಡ್ಡಯ್ಯ ಕೇಳಿದ.

ಬಿಳಿ ಹೋರಿ ತಡವರಿಸಿದ. "ಅದು ದೊಡ್ಡ ಕತೆ. ಕೇಳೋಕೆ ನಿಮಗೆ ಬೇಜಾರಾಗಬಹುದು" ಎಂದ.

ಗುಡ್ಡಯ್ಯ ಮುಂಗಾಲು ಮಡಿಸಿ ನೆಲದ ಮೇಲೆ ಕೂತ. ಅವನು ಕೂತದ್ದನ್ನು ನೋಡಿ ಕಪಿಲಕ್ಕ ಕೂತಳು, ಬೆಳವಿ ಕೂತಳು, ಇಡೀ ಮಂದೆ ಕೂತಿತು.

"ಹುಲ್ಲಿದೆ, ನೀರಿದೆ, ನಮಗ್ಯಾರಿಗೂ ಅವಸರವಿಲ್ಲ" ಎಂದ ಗುಡ್ಡಯ್ಯ. "ಪೂರ್ತಿ ಹೇಳಪ್ಪ."

ನೀತಿ: ಕಣ್ಣು ಬೆರಗಾದಾಗಲೂ ಕೇಳಬೇಕಾದದ್ದನ್ನು ಕೇಳು, ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಕಿವಿಗೊಡು.